ಡಿಜಿಟಲ್ ಸಹಿಯುಳ್ಳ ದಾಖಲೆಗಳ ಮೇಲಿನ ಸಮಯ ಮುದ್ರೆ: ಸಾರ್ವಜನಿಕರ ಮಾಹಿತಿಗಾಗಿ

ಸಾರ್ವಜನಿಕ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ಡಿಜಿಟಲ್ ಸಹಿಯುಳ್ಳ ವಿದ್ಯುನ್ಮಾನ ದಾಖಲೆಗಳನ್ನು ಲಗತ್ತಿಸುವುದು ಹಾಗೂ ಇಲಾಖೆಗಳಿಂದ ಅಂತಹ ದಾಖಲೆಗಳನ್ನು ಪಡೆಯುವುದು ಈಗ ಸಾಮಾನ್ಯವಾಗಿದೆ. ಸಹಿ ಯಾರದು ಎಂಬ ಪ್ರಶ್ನೆಗೆ ಡಿಜಿಟಲ್ ಸಹಿಯೇ ಉತ್ತರ ಕೊಡುತ್ತದೆ. ಸಹಿಯಾದ ನಂತರ ದಾಖಲೆಯಲ್ಲಿ ಒಂದು ಅಕ್ಷರವಾದರೂ ಬದಲಾಗಿದೆಯೇ ಎಂಬ ಪ್ರಶ್ನೆಗೂ ಅದರಿಂದಲೇ ಉತ್ತರ ದೊರೆಯುತ್ತದೆ. ಆದರೆ ಸಹಿ ಯಾವಾಗ ಆಯಿತು ಎಂಬ ಮೂರನೆಯ ಪ್ರಶ್ನೆಗೆ ಡಿಜಿಟಲ್ ಸಹಿ ಒಂದರಿಂದಲೇ ನಂಬಲರ್ಹವಾದ ಉತ್ತರ ದೊರೆಯುವುದಿಲ್ಲ. ಆ ಉತ್ತರವನ್ನು ಒದಗಿಸುವ ವ್ಯವಸ್ಥೆಗೆ ಸಮಯ ಮುದ್ರೆ ಅಥವಾ ಟೈಮ್ ಸ್ಟಾಂಪ್ ಎಂದು ಹೆಸರು. ಅದು ಏನು, ಯಾರಿಗೆ ಅಗತ್ಯ, ದಾಖಲೆಯಲ್ಲಿ ಅದು ಇದೆಯೇ ಎಂದು ನೋಡುವುದು ಹೇಗೆ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಪ್ರಾರಂಭದಲ್ಲಿಯೇ ಒಂದು ಸ್ಪಷ್ಟೀಕರಣ ಅಗತ್ಯವಾಗಿದೆ. ಟೈಮ್ ಸ್ಟಾಂಪ್ ಎಂಬ ಹೆಸರಿನಲ್ಲಿರುವ ಸ್ಟಾಂಪ್ ಪದಕ್ಕೂ ಮುದ್ರಾಂಕ ಶುಲ್ಕಕ್ಕೂ ಯಾವುದೇ ಸಂಬಂಧವಿಲ್ಲ. ಇ-ಸ್ಟಾಂಪ್ ಪ್ರಮಾಣಪತ್ರವು ಸರ್ಕಾರಕ್ಕೆ ಶುಲ್ಕ ಪಾವತಿಯಾಗಿರುವುದಕ್ಕೆ ಪುರಾವೆ. ಸಮಯ ಮುದ್ರೆಯು ದಾಖಲೆಯು ಒಂದು ನಿರ್ದಿಷ್ಟ ಕ್ಷಣದಲ್ಲಿ ಅಸ್ತಿತ್ವದಲ್ಲಿ ಇತ್ತು ಎಂಬುದಕ್ಕೆ ಪುರಾವೆ. ಒಂದಿದ್ದರೆ ಇನ್ನೊಂದು ಬೇಡ ಎಂದು ಭಾವಿಸತಕ್ಕದ್ದಲ್ಲ.

ಸಹಿಯ ಪಕ್ಕದಲ್ಲಿ ಕಾಣುವ ದಿನಾಂಕ

ಕಾಗದದ ವ್ಯವಹಾರದಲ್ಲಿ ದಿನಾಂಕಕ್ಕೆ ಬೆಲೆ ಬರುವುದು ಅದನ್ನು ಬರೆದವರಿಂದಲ್ಲ, ಮೂರನೆಯವರಿಂದ. ಅರ್ಜಿದಾರರು ಅರ್ಜಿಯ ಕೆಳಗೆ ಯಾವ ದಿನಾಂಕವನ್ನು ಬೇಕಾದರೂ ಬರೆಯಬಹುದು. ಆದರೆ ಟಪಾಲು ಶಾಖೆಯಲ್ಲಿ ಬೀಳುವ ಸ್ವೀಕೃತಿ ಮೊಹರು ಅರ್ಜಿದಾರರ ಕೈಯಲ್ಲಿಲ್ಲ. ಸ್ವೀಕೃತಿ ವಹಿಯಲ್ಲಿ 412 ಮತ್ತು 413 ರ ನಡುವೆ ಹೊಸ ಸಂಖ್ಯೆಯೊಂದನ್ನು ಸೇರಿಸಲು ಸ್ಥಳವಿರುವುದಿಲ್ಲ. ಲಕೋಟೆಯ ಮೇಲಿನ ಅಂಚೆ ಮುದ್ರೆಯೂ ಹಾಗೆಯೇ. ಹಿಂದಿನ ದಿನಾಂಕ ಹಾಕಿದ ಪತ್ರಗಳು ಸಿಕ್ಕಿಬೀಳುತ್ತಿದ್ದುದು ಇಂತಹ ಮೂರನೆಯವರ ಗುರುತುಗಳಿಂದಲೇ.

ಡಿಜಿಟಲ್ ಸಹಿಯ ವಿಷಯಕ್ಕೆ ಬಂದರೆ, ಪಿಡಿಎಫ್ ದಾಖಲೆಯ ಮೇಲೆ ಸಹಿಯ ಚೌಕದಲ್ಲಿ ಹೆಸರಿನೊಂದಿಗೆ ಮುದ್ರಿತವಾಗುವ ದಿನಾಂಕ ಮತ್ತು ಸಮಯವು ಸಾಮಾನ್ಯವಾಗಿ ಸಹಿ ಮಾಡಿದವರ ಕಂಪ್ಯೂಟರಿನ ಗಡಿಯಾರದ್ದು. ಆ ಗಡಿಯಾರವನ್ನು ಹಿಂದಕ್ಕೋ ಮುಂದಕ್ಕೋ ತಿರುಗಿಸಲು ಅರ್ಧ ನಿಮಿಷ ಸಾಕು. ದುರುದ್ದೇಶವೇ ಇರಬೇಕೆಂದಿಲ್ಲ, ಹಳೆಯ ಕಂಪ್ಯೂಟರಿನ ಒಳಗಿನ ಸಣ್ಣ ಬ್ಯಾಟರಿ ಮುಗಿದು ಗಡಿಯಾರವು ಹಲವು ವರ್ಷ ಹಿಂದಿನ ದಿನಾಂಕಕ್ಕೆ ಮರಳುವುದುಂಟು. ಹಾಗೆ ತಪ್ಪು ದಿನಾಂಕದೊಂದಿಗೆ ಮಾಡಿದ ಸಹಿಯೂ ಗಣಿತದ ದೃಷ್ಟಿಯಿಂದ ಸರಿಯಾದ ಸಹಿಯೇ. ದಿನಾಂಕವು ತಪ್ಪು ಎಂದು ಸಹಿಯನ್ನು ನೋಡಿ ಹೇಳಲು ಬರುವುದಿಲ್ಲ.

ಸಮಯ ಮುದ್ರೆಯುಳ್ಳ ದಾಖಲೆಯಲ್ಲಿಯೂ ಮೇಲೆ ಕಣ್ಣಿಗೆ ಕಾಣುವ ಈ ದಿನಾಂಕವು ಕಂಪ್ಯೂಟರಿನದೇ ಆಗಿರಬಹುದು, ಏಕೆಂದರೆ ಆ ಚೌಕವು ಮುದ್ರೆ ಬೀಳುವ ಮೊದಲೇ ರಚಿತವಾಗಿರುತ್ತದೆ. ನಿಜವಾದ ಸಮಯ ಮುದ್ರೆಯು ಕಡತದ ಒಳಗಿರುತ್ತದೆ ಮತ್ತು ಅದನ್ನು ಸಹಿಯ ವಿವರಗಳನ್ನು ತೆರೆದು ನೋಡಬೇಕಾಗುತ್ತದೆ.

ಸಹಿ ಪ್ರಮಾಣಪತ್ರದ ಅವಧಿ ಮುಗಿದ ನಂತರ

ಇದರಿಂದ ನಾಗರಿಕರಿಗೆ ಆಗುವ ತೊಂದರೆ ಏನು ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬಾಡಿಗೆ ಕರಾರೊಂದಕ್ಕೆ ಮಾಲೀಕರು 2021 ರಲ್ಲಿ ಡಿಜಿಟಲ್ ಸಹಿ ಮಾಡಿದ್ದಾರೆ ಎಂದು ಭಾವಿಸೋಣ. ಟೋಕನ್‌ನಲ್ಲಿ ನೀಡುವ ಸಹಿ ಪ್ರಮಾಣಪತ್ರದ ಅವಧಿ ಗರಿಷ್ಠ ಮೂರು ವರ್ಷ. ಮಾಲೀಕರ ಪ್ರಮಾಣಪತ್ರ 2022 ರಲ್ಲಿ ಮುಗಿಯಿತು. 2025 ರಲ್ಲಿ ಠೇವಣಿ ಹಣದ ಬಗ್ಗೆ ವಿವಾದ ಉಂಟಾದಾಗ ಬಾಡಿಗೆದಾರರು ಕಡತವನ್ನು ತೆರೆದರೆ, ಸಹಿ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂಬ ಸೂಚನೆ ಬರಬಹುದು. ಅವಧಿ ಮುಗಿಯುವ ಮೊದಲೇ ಸಹಿಯಾಗಿತ್ತು ಎಂದು ತೋರಿಸುವ ಹೊರೆ ಈಗ ಬಾಡಿಗೆದಾರರ ಮೇಲೆ ಬೀಳುತ್ತದೆ. ಅವರ ಬಳಿ ಇರುವುದು ಮಾಲೀಕರ ಕಂಪ್ಯೂಟರಿನ ಗಡಿಯಾರದ ಮಾತು ಮಾತ್ರ. ಸಹಿಯೊಂದಿಗೆ ಸಮಯ ಮುದ್ರೆ ಇದ್ದಿದ್ದರೆ, ಸಹಿಯು 2021 ರ ಇಂತಹ ದಿನ, ಇಷ್ಟು ಗಂಟೆಗೆ ಅಸ್ತಿತ್ವದಲ್ಲಿತ್ತು, ಆಗ ಪ್ರಮಾಣಪತ್ರವು ಚಾಲ್ತಿಯಲ್ಲಿತ್ತು ಎಂಬುದನ್ನು ಕಡತವೇ ಹೇಳುತ್ತಿತ್ತು.

ಆಧಾರ್ ಆಧಾರಿತ ಇ-ಸೈನ್ ಸೇವೆಯಲ್ಲಿ ಈ ಸಮಸ್ಯೆ ಇನ್ನೂ ತೀವ್ರವಾಗಿದೆ. 2015 ರಿಂದ ಬಳಕೆಗೆ ಬಂದ ಈ ಪದ್ಧತಿಯಲ್ಲಿ ಟೋಕನ್ ಬೇಕಿಲ್ಲ. ಒಂದು ಬಾರಿಯ ಸಹಿಗೆಂದೇ ಕೀಲಿಯನ್ನು ಸೃಷ್ಟಿಸಿ, ಸಹಿಯಾದೊಡನೆ ಅಳಿಸಲಾಗುತ್ತದೆ. ಅದಕ್ಕಾಗಿ ನೀಡುವ ಸಹಿ ಪ್ರಮಾಣಪತ್ರದ ಅವಧಿ 30 ನಿಮಿಷ ಮಾತ್ರ. ಬೆಳಿಗ್ಗೆ ಮಾಡಿದ ಸಹಿಯ ಪ್ರಮಾಣಪತ್ರವು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದುಹೋಗಿರುತ್ತದೆ. ಇದು ದೋಷವಲ್ಲ, ಅಳಿಸಿದ ಕೀಲಿಯನ್ನು ಯಾರೂ ಕದಿಯಲಾರರು ಎಂಬುದೇ ಈ ಏರ್ಪಾಡಿನ ಲಾಭ. ಆದರೆ ಆ ಅರ್ಧ ಗಂಟೆಯೊಳಗೇ ಸಹಿಯಾಗಿತ್ತು ಎಂಬುದನ್ನು ಮುಂದೆ ದಾಖಲೆಯಿಂದಲೇ ತೋರಿಸಬೇಕಾದರೆ ಸಮಯ ಮುದ್ರೆ ಅತ್ಯವಶ್ಯ.

ಟೋಕನ್ ಕಳೆದುಹೋದ ಸಂದರ್ಭ

ಲೆಕ್ಕಪರಿಶೋಧಕರ ಕಚೇರಿಗೆ ಕೊಟ್ಟ ಟೋಕನ್ ಮರಳಿ ಬಾರದಿರುವುದು, ಬ್ಯಾಂಕಿನ ಸಾಲಿನಲ್ಲಿ ಕಳೆದುಹೋಗುವುದು, ರಹಸ್ಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಟೋಕನ್‌ಗೇ ಅಂಟಿಸುವುದು ಇವೆಲ್ಲ ನಡೆಯುವ ಸಂಗತಿಗಳೇ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ರ ಪ್ರಕರಣ 42 ರಂತೆ ಖಾಸಗಿ ಕೀಲಿಯನ್ನು ಸೂಕ್ತ ಎಚ್ಚರಿಕೆಯಿಂದ ಕಾಯ್ದುಕೊಳ್ಳುವುದು ಚಂದಾದಾರರ ಕರ್ತವ್ಯ. ಕೀಲಿಯು ಅನ್ಯರ ವಶವಾಗಿದ್ದರೆ ತಡಮಾಡದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸಬೇಕು. ಹಾಗೆ ತಿಳಿಸುವವರೆಗೂ ಚಂದಾದಾರರೇ ಹೊಣೆಗಾರರು ಎಂದು ಸದರಿ ಪ್ರಕರಣದ ವಿವರಣೆಯಲ್ಲಿ ಸ್ಪಷ್ಟಪಡಿಸಲಾಗಿದೆ.

ತಿಳಿಸಿದ ನಂತರ ಪ್ರಾಧಿಕಾರವು ಸಹಿ ಪ್ರಮಾಣಪತ್ರವನ್ನು ರದ್ದುಪಡಿಸಿ, ರದ್ದಾದ ದಿನಾಂಕ ಮತ್ತು ಸಮಯವನ್ನು ತನ್ನ ಪಟ್ಟಿಯಲ್ಲಿ ಪ್ರಕಟಿಸುತ್ತದೆ. ಇನ್ನು ಮುಂದೆ ಅಪಾಯವಿಲ್ಲ ಎಂದು ಹೆಚ್ಚಿನವರು ಭಾವಿಸುತ್ತಾರೆ. ವಾಸ್ತವವಾಗಿ ಟೋಕನ್ ಪಡೆದುಕೊಂಡ ವ್ಯಕ್ತಿಯು ತನ್ನ ಕಂಪ್ಯೂಟರಿನ ಗಡಿಯಾರವನ್ನು ರದ್ದತಿಗೆ ಒಂದು ವಾರ ಮುಂಚಿನ ದಿನಕ್ಕೆ ಹಿಂದೆ ಸರಿಸಿ ಹೊಸ ದಾಖಲೆಗೆ ಸಹಿ ಮಾಡಬಹುದು. ಅಂತಹ ಸಹಿಯು ರದ್ದತಿಗೆ ಮೊದಲಿನದು ಎಂದೇ ಕಾಣುತ್ತದೆ. ಸಮಯ ಮುದ್ರೆಯನ್ನು ಕಡ್ಡಾಯವಾಗಿ ಕೇಳುವ ಕಡೆ ಈ ತಂತ್ರ ನಡೆಯುವುದಿಲ್ಲ, ಏಕೆಂದರೆ ಮುದ್ರೆ ಒತ್ತುವವರ ಗಡಿಯಾರವು ಅವನ ಕೈಯಲ್ಲಿಲ್ಲ. ಅದೇ ರೀತಿ, ರದ್ದತಿಗೆ ಮುಂಚೆ ಚಂದಾದಾರರು ಪ್ರಾಮಾಣಿಕವಾಗಿ ಮಾಡಿದ ಸಹಿಗಳು ಸಮಯ ಮುದ್ರೆಯಿಂದಾಗಿ ಸಂಶಯದಿಂದ ಪಾರಾಗುತ್ತವೆ. ಈ ಶಾಖೆಯ ಅಭಿಪ್ರಾಯದಲ್ಲಿ ಸಾಮಾನ್ಯ ನಾಗರಿಕರಿಗೆ ಸಮಯ ಮುದ್ರೆಯಿಂದ ದೊರೆಯುವ ಅತಿ ದೊಡ್ಡ ರಕ್ಷಣೆ ಇದೇ ಆಗಿದೆ. ಇದರ ಬಗ್ಗೆ ತಿಳಿವಳಿಕೆ ಮಾತ್ರ ಕಡಿಮೆ.

ಸಮಯ ಮುದ್ರೆ ಹೇಗೆ ಬೀಳುತ್ತದೆ

ಯಾವುದೇ ಕಡತದಿಂದ ನಿಗದಿತ ಲೆಕ್ಕಾಚಾರದ ಮೂಲಕ ಒಂದು ಸಾರಸಂಖ್ಯೆಯನ್ನು ಪಡೆಯಬಹುದು. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಈಗ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಕ್ರಮದಲ್ಲಿ ಕಡತವು ಒಂದು ಪುಟದ್ದಾಗಲಿ, ಸಾವಿರ ಪುಟಗಳದ್ದಾಗಲಿ, ಸಾರಸಂಖ್ಯೆಯು 256 ಬಿಟ್‌ಗಳಷ್ಟೇ ಇರುತ್ತದೆ. ಬರೆದರೆ 64 ಅಕ್ಷರಗಳು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾರಸಂಖ್ಯೆಯು ಸಂಪೂರ್ಣ ಬೇರೆಯಾಗುತ್ತದೆ. ಸಾರಸಂಖ್ಯೆಯಿಂದ ಕಡತವನ್ನು ಮರಳಿ ಪಡೆಯಲು ಸಾಧ್ಯವಿಲ್ಲ.

ಸಹಿಯಾದ ಕ್ಷಣದಲ್ಲಿ ಸಹಿ ಮಾಡುವ ತಂತ್ರಾಂಶವು ಆ ಸಹಿಯ ಸಾರಸಂಖ್ಯೆಯನ್ನು ಅಂತರ್ಜಾಲದ ಮೂಲಕ ಸಮಯ ಮುದ್ರೆ ಪ್ರಾಧಿಕಾರಕ್ಕೆ ಕಳುಹಿಸುತ್ತದೆ. ಪ್ರಾಧಿಕಾರವು ಆ ಸಾರಸಂಖ್ಯೆಗೆ ತನ್ನ ಗಡಿಯಾರದ ಸಮಯವನ್ನೂ, ತನ್ನ ಕ್ರಮಸಂಖ್ಯೆಯನ್ನೂ ಸೇರಿಸಿ, ಇವೆಲ್ಲದರ ಮೇಲೆ ತನ್ನದೇ ಡಿಜಿಟಲ್ ಸಹಿ ಹಾಕಿ ಹಿಂದಿರುಗಿಸುತ್ತದೆ. ಇದೇ ಸಮಯ ಮುದ್ರೆ. ತಂತ್ರಾಂಶವು ಇದನ್ನು ದಾಖಲೆಯಲ್ಲಿನ ಸಹಿಯೊಳಗೆ ಸೇರಿಸುತ್ತದೆ. ಅಂತರ್ಜಾಲ ಸಂಪರ್ಕ ಸರಿಯಾಗಿದ್ದಲ್ಲಿ ಇದೆಲ್ಲ ಕೆಲವೇ ಕ್ಷಣಗಳ ಕೆಲಸ. ಪ್ರಾಧಿಕಾರಕ್ಕೆ ತಲುಪುವುದು ಸಾರಸಂಖ್ಯೆ ಮಾತ್ರವೇ ಹೊರತು ದಾಖಲೆಯಲ್ಲ. ಆದ್ದರಿಂದ ತಮ್ಮ ಆದಾಯದ ವಿವರ ಅಥವಾ ಕರಾರಿನ ಷರತ್ತುಗಳು ಮೂರನೆಯವರ ಕಣ್ಣಿಗೆ ಬೀಳುವವೆಂಬ ಆತಂಕಕ್ಕೆ ಕಾರಣವಿಲ್ಲ. ಈ ಕೋರಿಕೆ ಮತ್ತು ಉತ್ತರದ ನಮೂನೆಯನ್ನು 2001 ರ ಆಗಸ್ಟ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 3161 ಎಂಬ ಅಂತರರಾಷ್ಟ್ರೀಯ ತಾಂತ್ರಿಕ ದಾಖಲೆಯಲ್ಲಿ ನಿಗದಿಪಡಿಸಲಾಗಿದೆ.

ಭಾರತದಲ್ಲಿ ಪರವಾನಗಿ ಪಡೆದ ಪ್ರಮಾಣೀಕರಣ ಪ್ರಾಧಿಕಾರಗಳು ಈ ಸೇವೆಯನ್ನು ಒದಗಿಸುತ್ತವೆ. ಪರವಾನಗಿ ನೀಡುವವರು ಕೇಂದ್ರ ಸರ್ಕಾರದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು. ಸಮಯ ಮುದ್ರೆ ಸೇವೆಯ ಬಗ್ಗೆ ಅವರು ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿರುತ್ತಾರೆ. ಪ್ರಾಧಿಕಾರಗಳ ಗಡಿಯಾರಗಳನ್ನು ರಾಷ್ಟ್ರೀಯ ಸಮಯ ಮೂಲಕ್ಕೆ ಹೊಂದಿಸಿಡಬೇಕಾಗುತ್ತದೆ. ಭಾರತೀಯ ಪ್ರಮಾಣಿತ ಸಮಯವನ್ನು ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವು ಪರಮಾಣು ಗಡಿಯಾರಗಳ ನೆರವಿನಿಂದ ಕಾಯ್ದುಕೊಂಡು ಬರುತ್ತಿದೆ.

ಈ ವಿಚಾರವು ಕಾನೂನಿಗಿಂತ ಹಳೆಯದು. ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ ಎಂಬ ಅಮೆರಿಕದ ಸಂಶೋಧಕರು ಡಿಜಿಟಲ್ ದಾಖಲೆಗೆ ಸಮಯ ಮುದ್ರೆ ಹಾಕುವ ಬಗೆಯನ್ನು 1991 ರಲ್ಲಿಯೇ ಪ್ರಕಟಿಸಿದರು. ಅವರು ಆರಂಭಿಸಿದ ಸಂಸ್ಥೆಯು 1995 ರಿಂದ ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳ ನಡುವೆ ಸಾರಸಂಖ್ಯೆಯೊಂದನ್ನು ಅಚ್ಚು ಹಾಕಿಸುತ್ತಿತ್ತು. ಲಕ್ಷಾಂತರ ಮನೆಗಳಿಗೆ ಹಂಚಿಕೆಯಾದ ಪತ್ರಿಕೆಯನ್ನು ಹಿಂದಕ್ಕೆ ತರಿಸಿ ತಿದ್ದಲು ಯಾರಿಗೂ ಆಗದು ಎಂಬುದೇ ಇದರ ತರ್ಕ. ಹೆಸರು ಬದಲಾವಣೆಯ ಪ್ರಕಟಣೆಯನ್ನು ದಿನಪತ್ರಿಕೆಯಲ್ಲಿ ಹಾಕಿಸಿ ಆ ಪ್ರತಿಯನ್ನು ಜೋಪಾನ ಮಾಡಿಟ್ಟಿರುವ ನಮ್ಮ ಅರ್ಜಿದಾರರಿಗೆ ಈ ತರ್ಕವು ಹೊಸದೆನಿಸದು.

ಐದೂವರೆ ಗಂಟೆಯ ವ್ಯತ್ಯಾಸ

ಸಮಯ ಮುದ್ರೆಯ ಒಳಗೆ ದಾಖಲಾಗುವುದು ಭಾರತೀಯ ಸಮಯವಲ್ಲ, ಯುಟಿಸಿ ಎಂದು ಕರೆಯುವ ಅಂತರರಾಷ್ಟ್ರೀಯ ಸಮಯ. ಭಾರತೀಯ ಸಮಯವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಓದುವ ತಂತ್ರಾಂಶಗಳು ಸಾಮಾನ್ಯವಾಗಿ ಇದನ್ನು ಸ್ಥಳೀಯ ಸಮಯಕ್ಕೆ ಪರಿವರ್ತಿಸಿ ತೋರಿಸುತ್ತವೆ. ಕೆಲವು ಪರಿಶೀಲನಾ ವರದಿಗಳು ಮಾತ್ರ ಯುಟಿಸಿಯಲ್ಲಿಯೇ ತೋರಿಸುತ್ತವೆ. ಕಂಪ್ಯೂಟರಿನ ಸಮಯ ವಲಯವು ತಪ್ಪಾಗಿ ಹೊಂದಿಸಲ್ಪಟ್ಟಿದ್ದರೆ ತೋರುವ ಸಮಯವೂ ತಪ್ಪಾಗುತ್ತದೆ. ಆದರೆ ಒಳಗಿನ ಮುದ್ರೆ ಬದಲಾಗಿರುವುದಿಲ್ಲ.

ದಿನದ ಮಧ್ಯೆ ಇದು ದೊಡ್ಡ ವಿಷಯವಲ್ಲ. ಆದರೆ 2025 ರ ಏಪ್ರಿಲ್ 1 ರಂದು ಬೆಳಗಿನ ಜಾವ 2 ಗಂಟೆ 15 ನಿಮಿಷಕ್ಕೆ ಸಹಿಯಾದ ದಾಖಲೆಯ ಯುಟಿಸಿ ಸಮಯವು 2025 ರ ಮಾರ್ಚ್ 31, ರಾತ್ರಿ 8 ಗಂಟೆ 45 ನಿಮಿಷ ಎಂದಿರುತ್ತದೆ. ಅಂಕಿಗಳನ್ನು ಮಾತ್ರ ನೋಡಿದವರು ಈ ದಾಖಲೆಯು ಹಿಂದಿನ ಹಣಕಾಸು ವರ್ಷದ್ದೆಂದು ಭಾವಿಸುವ ಸಂಭವವಿದೆ. ಲೆಕ್ಕಪತ್ರ ವ್ಯವಹಾರದಲ್ಲಿ ಒಂದು ರಾತ್ರಿಯ ಅಂತರದ ಮಹತ್ವವನ್ನು ಹೊಸದಾಗಿ ಹೇಳಬೇಕಿಲ್ಲ. ಆದ್ದರಿಂದ ಕಡೆಯ ದಿನಾಂಕಕ್ಕೆ ಸಮೀಪದ ದಾಖಲೆಗಳನ್ನು ನೋಡುವಾಗ ಸಮಯದ ಮುಂದೆ +05:30 ಎಂಬ ಗುರುತು ಇದೆಯೇ ಎಂಬುದನ್ನು ಮೊದಲು ಗಮನಿಸತಕ್ಕದ್ದು.

ಕಾನೂನಿನಲ್ಲಿ ಇದರ ಸ್ಥಾನ

ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000 ನೇ ಇಸವಿ ಅಕ್ಟೋಬರ್ 17 ರಿಂದ ಜಾರಿಯಲ್ಲಿದೆ. ಡಿಜಿಟಲ್ ಸಹಿಯಲ್ಲದೆ ಇತರ ವಿದ್ಯುನ್ಮಾನ ಸಹಿಗಳಿಗೂ ಅವಕಾಶ ಕಲ್ಪಿಸಿದ 2008 ರ ತಿದ್ದುಪಡಿಯು 2009 ರ ಅಕ್ಟೋಬರ್ 27 ರಿಂದ ಜಾರಿಗೆ ಬಂದಿತು. ಅಧಿನಿಯಮದ ಪ್ರಕರಣ 5 ರಲ್ಲಿ ವಿದ್ಯುನ್ಮಾನ ಸಹಿಗೆ ಕಾನೂನಿನ ಮಾನ್ಯತೆ ನೀಡಲಾಗಿದೆ. ಪ್ರಕರಣ 14 ರ ಮಾತುಗಳು ಈ ವಿಷಯಕ್ಕೆ ಹೆಚ್ಚು ಪ್ರಸ್ತುತ: ಒಂದು ನಿರ್ದಿಷ್ಟ ಕಾಲಬಿಂದುವಿನಲ್ಲಿ ಭದ್ರತಾ ವಿಧಾನವನ್ನು ಅನ್ವಯಿಸಿದ ದಾಖಲೆಯನ್ನು ಆ ಬಿಂದುವಿನಿಂದ ಪರಿಶೀಲನೆಯ ಸಮಯದವರೆಗೆ ಸುಭದ್ರ ದಾಖಲೆಯೆಂದು ಭಾವಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಆ ಕಾಲಬಿಂದು ಯಾವುದು ಎಂದು ಕೇಳಿದಾಗ ಕೊಡಬಹುದಾದ ಗಟ್ಟಿ ಉತ್ತರವೇ ಸಮಯ ಮುದ್ರೆ.

2024 ರ ಜುಲೈ 1 ರಿಂದ ಹಿಂದಿನ ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂದಿದೆ. ಇದರ ಪ್ರಕರಣ 63 ರಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಸಲ್ಲಿಸಬೇಕಾದ ಪ್ರಮಾಣಪತ್ರದ ನಮೂನೆಯನ್ನು ಅನುಸೂಚಿಯಲ್ಲಿ ಕೊಡಲಾಗಿದ್ದು, ಅದರಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕಾಗುತ್ತದೆ. ಸಮಯ ಮುದ್ರೆ ಇದೆ ಎಂಬ ಕಾರಣಕ್ಕೆ ಈ ಪ್ರಮಾಣಪತ್ರದಿಂದ ವಿನಾಯಿತಿ ದೊರೆಯುವುದಿಲ್ಲ.

ಇನ್ನೊಂದು ಮಿತಿಯನ್ನೂ ತಿಳಿದಿರಬೇಕು. ಉಯಿಲು ಮತ್ತು ಟ್ರಸ್ಟ್ ಪತ್ರಗಳಿಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮವೇ ಅನ್ವಯಿಸುವುದಿಲ್ಲ. ಮುಖ್ತಿಯಾರ್ ಪತ್ರ ಹಾಗೂ ಚೆಕ್ ಹೊರತಾದ ವರ್ಗಾವಣೀಯ ಪತ್ರಗಳಿಗೆ, 2022 ರ ಸೆಪ್ಟೆಂಬರ್‌ನ ಅಧಿಸೂಚನೆಯಲ್ಲಿ ಹಣಕಾಸು ಸಂಸ್ಥೆಗಳ ಸಂಬಂಧದಲ್ಲಿ ಕೊಟ್ಟ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅದು ಅನ್ವಯಿಸುವುದಿಲ್ಲ. ಡಿಜಿಟಲ್ ಸಹಿ ಮಾಡಿ, ಸಮಯ ಮುದ್ರೆಯನ್ನೂ ಹಾಕಿಸಿದ ಉಯಿಲು ಎಷ್ಟೇ ಅಚ್ಚುಕಟ್ಟಾಗಿದ್ದರೂ ಈ ಅಧಿನಿಯಮದ ರಕ್ಷಣೆಯನ್ನು ಪಡೆಯಲಾರದು. ಉಯಿಲನ್ನು ಕಾಗದದ ಮೇಲೆ, ಸಾಕ್ಷಿಗಳ ಸಮಕ್ಷಮ ಮಾಡತಕ್ಕದ್ದು.

ಸಹಿಯ ಸಮಯ ಬೇರೆ, ಸಲ್ಲಿಕೆಯ ಸಮಯ ಬೇರೆ

ಅರ್ಜಿದಾರರಲ್ಲಿ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿ. ಕೊನೆಯ ದಿನ ಸಂಜೆ 4 ಗಂಟೆಗೆ ಸಹಿ ಮಾಡಿ, ಸಮಯ ಮುದ್ರೆಯನ್ನೂ ಪಡೆದು, ಮರುದಿನ ದಾಖಲೆಯನ್ನು ಜಾಲತಾಣಕ್ಕೆ ಏರಿಸಿದರೆ ಅರ್ಜಿಯು ಕಾಲಮಿತಿಯೊಳಗೆ ಸಲ್ಲಿಕೆಯಾದಂತೆ ಆಗುವುದಿಲ್ಲ. ಪ್ರಕರಣ 13 ರಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ದಾಖಲೆಯನ್ನು ಪಡೆಯಲೆಂದು ಗೊತ್ತುಪಡಿಸಿದ ಕಂಪ್ಯೂಟರ್ ವ್ಯವಸ್ಥೆಯನ್ನು ದಾಖಲೆಯು ಪ್ರವೇಶಿಸಿದ ಸಮಯವೇ ಸ್ವೀಕೃತಿಯ ಸಮಯ. ಕಚೇರಿಯ ಬಾಗಿಲಿನವರೆಗೆ ಬಂದು ಟಪಾಲು ಕೊಡದೆ ಹೋದವರ ಸ್ಥಿತಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಇ-ಟೆಂಡರುಗಳಲ್ಲಿಯೂ ಬಿಡ್ ಸಲ್ಲಿಕೆಯ ಕೊನೆಯ ಕ್ಷಣವನ್ನು ನಿರ್ಧರಿಸುವುದು ಸರ್ವರ್ ಗಡಿಯಾರವೇ ಹೊರತು ಬಿಡ್ಡುದಾರರ ಗಡಿಯಾರವಲ್ಲ.

ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಅವಧಿಯನ್ನು ಲೆಕ್ಕ ಹಾಕುವಾಗ ಅರ್ಜಿಯ ಸ್ವೀಕೃತಿಯನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗುತ್ತದೆ. ಜಿಎಸ್‌ಸಿ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗಿನ ಪರಿಹಾರವನ್ನು ಕೋರಲು ಬೇಕಾಗುವುದು ಅದೇ ಹೊರತು ಲಗತ್ತಿನ ಮೇಲಿನ ಸಮಯ ಮುದ್ರೆಯಲ್ಲ.

ಸಮಯ ಮುದ್ರೆಯು ಸಾಬೀತುಪಡಿಸುವುದು ಒಂದೇ ಸಂಗತಿಯನ್ನು: ಆ ಕ್ಷಣದ ಹೊತ್ತಿಗೆ ಈ ಸಹಿ ಇತ್ತು. ಸಹಿಯು ಅದಕ್ಕಿಂತ ಮೊದಲೇ ಆಗಿದ್ದಿರಬಹುದು, ನಂತರ ಆಗಿರಲಾರದು. ದಾಖಲೆಯಲ್ಲಿ ಬರೆದಿರುವುದು ನಿಜವೋ ಸುಳ್ಳೋ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತಪ್ಪು ಆದಾಯ ತೋರಿಸಿದ ಘೋಷಣೆಗೆ ಸಮಯ ಮುದ್ರೆ ಬಿದ್ದರೆ ಅದು ಸಮಯ ಖಚಿತವಾದ ತಪ್ಪು ಘೋಷಣೆ, ಅಷ್ಟೆ.

ಸ್ವತಃ ಸಹಿ ಮಾಡುವವರು ಅನುಸರಿಸಬೇಕಾದ ಕ್ರಮ

ಟೋಕನ್ ಮೂಲಕ ಸಹಿ ಮಾಡುವವರು ತಮಗೆ ಸಹಿ ಪ್ರಮಾಣಪತ್ರ ನೀಡಿದ ಪ್ರಾಧಿಕಾರದಿಂದ ಸಮಯ ಮುದ್ರೆ ಸೇವೆಯ ಅಂತರ್ಜಾಲ ವಿಳಾಸವನ್ನು ಪಡೆದು, ಸಹಿ ಮಾಡುವ ತಂತ್ರಾಂಶದ ಸಹಿ ಸಂಬಂಧಿತ ಸಂಯೋಜನೆಯಲ್ಲಿ ಒಮ್ಮೆ ದಾಖಲಿಸಿದರೆ ಸಾಕು. ಬಳಿಕ ಪ್ರತಿ ಸಹಿಯೊಂದಿಗೆ ಮುದ್ರೆಯು ತಾನಾಗಿಯೇ ಸೇರುತ್ತದೆ. ಬಳಕೆದಾರ ಹೆಸರು ಮತ್ತು ಗುಪ್ತಪದ ಬೇಕೇ, ಶುಲ್ಕವಿದೆಯೇ ಎಂಬುದನ್ನು ಆ ಪ್ರಾಧಿಕಾರದಿಂದಲೇ ತಿಳಿದುಕೊಳ್ಳಬೇಕು. ವಿದೇಶಗಳ ಉಚಿತ ಸಮಯ ಮುದ್ರೆ ಸೇವೆಗಳೂ ಅಂತರ್ಜಾಲದಲ್ಲಿ ಲಭ್ಯವಿವೆ. ಅವುಗಳ ಮುದ್ರೆಯು ತಾಂತ್ರಿಕವಾಗಿ ಸರಿಯಿದ್ದರೂ, ಭಾರತದಲ್ಲಿ ಬಳಸುವ ದಾಖಲೆಗಳಿಗೆ ಭಾರತದ ಪರವಾನಗಿದಾರ ಪ್ರಾಧಿಕಾರದ ಮುದ್ರೆಯೇ ಸೂಕ್ತ. ನಾಳೆ ವಿವಾದವಾದಾಗ ವಿವರಣೆ ಕೇಳಲು ಇಲ್ಲಿಯೇ ಒಂದು ವಿಳಾಸವಿರುತ್ತದೆ.

ಸಹಿ ಮಾಡುವಾಗ ಅಂತರ್ಜಾಲ ಸಂಪರ್ಕ ಇಲ್ಲದಿದ್ದರೆ ಹಲವು ತಂತ್ರಾಂಶಗಳು ಯಾವ ಎಚ್ಚರಿಕೆಯನ್ನೂ ಗಟ್ಟಿಯಾಗಿ ಕೊಡದೆ, ಮುದ್ರೆಯಿಲ್ಲದ ಸಹಿಯನ್ನು ಹಾಕಿ ಮುಗಿಸುತ್ತವೆ. ಸಹಿಯಾದ ಕೂಡಲೇ ಒಮ್ಮೆ ತೆರೆದು ನೋಡುವುದು ಕ್ಷೇಮ. ಮುದ್ರೆ ಬಿದ್ದಿಲ್ಲವೆಂದು ತಿಳಿದಲ್ಲಿ ಇಡೀ ದಾಖಲೆಯ ಮೇಲೆ ಪ್ರತ್ಯೇಕ ಸಮಯ ಮುದ್ರೆಯನ್ನು ನಂತರವೂ ಹಾಕಿಸಬಹುದು. ಆದರೆ ಅದು ಸಹಿ ಪ್ರಮಾಣಪತ್ರವು ಚಾಲ್ತಿಯಲ್ಲಿರುವಾಗಲೇ ಆಗಬೇಕು. ಅವಧಿ ಮುಗಿದ ನಂತರ ಹಾಕಿಸಿದ ಮುದ್ರೆಯು ಅವಧಿ ಮುಗಿದ ನಂತರದ ಸಮಯವನ್ನೇ ತೋರಿಸುತ್ತದೆ.

ಪರಿಶೀಲನೆ

ಪಿಡಿಎಫ್ ಕಡತವನ್ನು ಕಂಪ್ಯೂಟರಿನಲ್ಲಿ, ಸಹಿ ಪರಿಶೀಲಿಸಬಲ್ಲ ತಂತ್ರಾಂಶದಲ್ಲಿ ತೆರೆಯತಕ್ಕದ್ದು. ಹಲವು ಮೊಬೈಲ್ ಆ್ಯಪ್‌ಗಳು ಮತ್ತು ಬ್ರೌಸರುಗಳು ಸಹಿಯ ಚಿತ್ರವನ್ನಷ್ಟೇ ತೋರಿಸಿ ಸುಮ್ಮನಾಗುತ್ತವೆ. ಸಹಿಗಳ ಫಲಕವನ್ನು ತೆರೆದಾಗ ಪ್ರತಿ ಸಹಿಯ ಕೆಳಗೆ ಸಮಯದ ಮೂಲವನ್ನು ಹೇಳುವ ಒಂದು ವಾಕ್ಯವಿರುತ್ತದೆ. ಸಹಿಯ ಸಮಯವು ಸಹಿದಾರರ ಕಂಪ್ಯೂಟರಿನ ಗಡಿಯಾರದ್ದು ಎಂಬ ಅರ್ಥದ ಇಂಗ್ಲಿಷ್ ವಾಕ್ಯವಿದ್ದರೆ ಸಮಯ ಮುದ್ರೆ ಇಲ್ಲವೆಂದು ತಿಳಿಯಬೇಕು. ಸಹಿಯಲ್ಲಿ ಟೈಮ್‌ಸ್ಟಾಂಪ್ ಅಡಕವಾಗಿದೆ ಎಂಬ ವಾಕ್ಯವಿದ್ದರೆ ಇದೆಯೆಂದು ತಿಳಿಯಬೇಕು. ಮುದ್ರೆ ಒತ್ತಿದ ಪ್ರಾಧಿಕಾರದ ಹೆಸರನ್ನೂ ಅಲ್ಲಿಯೇ ನೋಡಬಹುದು.

ಹಳದಿ ಪ್ರಶ್ನಾರ್ಥಕ ಚಿಹ್ನೆಯನ್ನು ಕಂಡು ದಾಖಲೆಯೇ ನಕಲಿ ಎಂದು ಗಾಬರಿಯಾಗುವವರಿದ್ದಾರೆ. ಭಾರತದ ಮೂಲ ಪ್ರಮಾಣಪತ್ರವನ್ನು ಆ ಕಂಪ್ಯೂಟರು ಇನ್ನೂ ನಂಬುಗೆಯ ಪಟ್ಟಿಗೆ ಸೇರಿಸಿಕೊಂಡಿಲ್ಲ ಎಂಬುದು ಇದಕ್ಕೆ ಸಾಮಾನ್ಯ ಕಾರಣ. ನಿಯಂತ್ರಕರ ಅಧಿಕೃತ ಜಾಲತಾಣದಿಂದ ಮೂಲ ಪ್ರಮಾಣಪತ್ರವನ್ನು ಪಡೆದು ಸೇರಿಸಿದ ಮೇಲೆ ಚಿಹ್ನೆಯು ಹಸಿರಾಗುತ್ತದೆ. ಹಸಿರು ಬರಲಿ ಎಂಬ ಆತುರದಿಂದ ದಾಖಲೆಯೊಳಗೇ ಸಿಕ್ಕಿದ ಯಾವುದೋ ಪ್ರಮಾಣಪತ್ರವನ್ನು ನಂಬುಗೆಯ ಪಟ್ಟಿಗೆ ಸೇರಿಸತಕ್ಕದ್ದಲ್ಲ. ಹಾಗೆ ಮಾಡಿದಲ್ಲಿ ನಕಲಿ ಸಹಿಯೂ ಹಸಿರಾಗಿಯೇ ಕಾಣುತ್ತದೆ. ಕೆಂಪು ಚಿಹ್ನೆಯ ವಿಷಯ ಬೇರೆ. ಸಹಿಯಾದ ನಂತರ ಕಡತ ಬದಲಾಗಿರುವ ಸಾಧ್ಯತೆ ಇರುವುದರಿಂದ ನೀಡಿದವರಿಂದ ಹೊಸ ಪ್ರತಿಯನ್ನು ಕೇಳಿ ಪಡೆಯಬೇಕು.

ಜಾತಿ ಅಥವಾ ಆದಾಯ ಪ್ರಮಾಣಪತ್ರಕ್ಕೆ ಸಹಿ ಮಾಡಿದ ತಹಶೀಲ್ದಾರರು ವರ್ಗವಾದರೆ ಅಥವಾ ಅವರ ಸಹಿ ಪ್ರಮಾಣಪತ್ರದ ಅವಧಿ ಮುಗಿದರೆ ತಮ್ಮ ಪ್ರಮಾಣಪತ್ರ ರದ್ದಾಗುವುದೇ ಎಂದು ಅನೇಕರು ಕೇಳುತ್ತಾರೆ. ಆಗುವುದಿಲ್ಲ. ಆ ಪ್ರಮಾಣಪತ್ರದ ಚಾಲ್ತಿಯ ಅವಧಿಯನ್ನು ನಿರ್ಧರಿಸುವುದು ಆಯಾ ಸೇವೆಯ ನಿಯಮಗಳು. ಸ್ವೀಕರಿಸುವ ಸಂಸ್ಥೆಗೆ ಸಂಶಯ ಬಂದಲ್ಲಿ ಅದರ ಮೇಲಿನ ಸಂಖ್ಯೆಯನ್ನು ನೀಡಿದ ಇಲಾಖೆಯ ಜಾಲತಾಣದಲ್ಲಿ ನಮೂದಿಸಿ ನೈಜತೆಯನ್ನು ಪರಿಶೀಲಿಸಿಕೊಳ್ಳಬಹುದು.

ಬಹುಕಾಲ ಉಳಿಯಬೇಕಾದ ದಾಖಲೆಗಳು

ಸಮಯ ಮುದ್ರೆಯೂ ಒಂದು ಡಿಜಿಟಲ್ ಸಹಿಯೇ ಆಗಿರುವುದರಿಂದ ಅದಕ್ಕೂ ಅವಧಿ ಇದೆ. ಜೊತೆಗೆ ಲೆಕ್ಕಾಚಾರದ ಕ್ರಮಗಳೂ ಕಾಲಕ್ರಮೇಣ ದುರ್ಬಲವಾಗುತ್ತವೆ. ಒಂದು ಕಾಲದಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ ಎಸ್‌ಎಚ್‌ಎ-1 ಕ್ರಮದಲ್ಲಿ ಒಂದೇ ಸಾರಸಂಖ್ಯೆ ಕೊಡುವ ಎರಡು ಬೇರೆ ಪಿಡಿಎಫ್ ಕಡತಗಳನ್ನು 2017 ರ ಫೆಬ್ರವರಿಯಲ್ಲಿ ಸಂಶೋಧಕರು ಪ್ರದರ್ಶಿಸಿದರು. ಆದ್ದರಿಂದ ಹತ್ತಾರು ವರ್ಷ ಉಳಿಯಬೇಕಾದ ಕರಾರು, ಸಂಸ್ಥೆಯ ನಡಾವಳಿ, ಪಾಲುದಾರಿಕೆ ಪತ್ರ ಮುಂತಾದವುಗಳಿಗೆ, ಹಳೆಯ ಮುದ್ರೆಯು ಚಾಲ್ತಿಯಲ್ಲಿರುವಾಗಲೇ ಅದರ ಮೇಲೆ ಹೊಸ ಮುದ್ರೆಯನ್ನು ಹಾಕಿಸುವ ಪದ್ಧತಿಯಿದೆ. ಸಹಿಯಾದ ಸಮಯದಲ್ಲಿ ಪ್ರಮಾಣಪತ್ರವು ರದ್ದಾಗಿರಲಿಲ್ಲ ಎಂಬ ಮಾಹಿತಿಯನ್ನೂ ಕಡತದೊಳಗೇ ಉಳಿಸುವ ಎಲ್‌ಟಿವಿ ಎಂಬ ಆಯ್ಕೆ ತಂತ್ರಾಂಶದಲ್ಲಿದ್ದರೆ ಅದನ್ನು ಬಳಸುವುದು ಒಳಿತು. ಒಂದು ವರ್ಷದೊಳಗೆ ಕೆಲಸ ಮುಗಿಯುವ ಅರ್ಜಿಗಳ ಲಗತ್ತುಗಳಿಗೆ ಇಷ್ಟೆಲ್ಲ ಶ್ರಮ ಬೇಕಿಲ್ಲ.

ಕಡತವನ್ನು ಕೆಡಿಸುವ ರೂಢಿಗಳು

ಕಡತದ ಗಾತ್ರ ಹೆಚ್ಚಾಯಿತೆಂದು ಸಹಿಯಾದ ಪಿಡಿಎಫ್ ಅನ್ನು ಕುಗ್ಗಿಸುವ ತಂತ್ರಾಂಶಕ್ಕೆ ಕೊಡುವುದು, ನಾಲ್ಕಾರು ದಾಖಲೆಗಳನ್ನು ಒಂದೇ ಕಡತವಾಗಿ ಜೋಡಿಸುವುದು, ಮುದ್ರಿಸುವ ಆಜ್ಞೆಯ ಮೂಲಕ ಹೊಸ ಪಿಡಿಎಫ್ ಆಗಿ ಉಳಿಸುವುದು ಇವೆಲ್ಲವೂ ಸಹಿಯನ್ನೂ ಸಮಯ ಮುದ್ರೆಯನ್ನೂ ಅಳಿಸುತ್ತವೆ ಅಥವಾ ಅಮಾನ್ಯಗೊಳಿಸುತ್ತವೆ. ಗಾತ್ರವನ್ನು ಕುಗ್ಗಿಸುವುದು, ಜೋಡಿಸುವುದು ಏನಿದ್ದರೂ ಸಹಿಗೆ ಮೊದಲು ಆಗಬೇಕು. ಕಾಗದದ ಮೇಲೆ ತೆಗೆದ ಪ್ರತಿಯಲ್ಲಿ ಸಹಿಯ ಚಿತ್ರವಿರುತ್ತದೆ, ಸಹಿ ಇರುವುದಿಲ್ಲ. ಅದನ್ನು ಮತ್ತೆ ಸ್ಕ್ಯಾನ್ ಮಾಡಿದರೂ ಬರುವುದಿಲ್ಲ. ಮೊಬೈಲಿನಲ್ಲಿ ತೆರೆದ ದಾಖಲೆಯ ಪರದೆಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಸ್ವೀಕರಿಸಿದವರಿಗೆ ತಲುಪುವುದು ಕೇವಲ ಚಿತ್ರ. ಮೂಲ ಕಡತವನ್ನು, ಪಡೆದ ಹೆಸರಿನಲ್ಲಿಯೇ, ಕನಿಷ್ಠ ಎರಡು ಕಡೆ ಉಳಿಸಿಕೊಂಡು, ಅರ್ಜಿಯೊಂದಿಗೆ ಅದರ ಪ್ರತಿಯನ್ನು ಯಾವ ಬದಲಾವಣೆಯೂ ಇಲ್ಲದೆ ಏರಿಸತಕ್ಕದ್ದು.